ಕೈಯಲ್ಲೇ ಸೈಕಲ್ ಫ್ರೇಮ್ ಕಟ್ಟುವುದು: ಪೈಪ್ ಕೊಯ್ಯುವುದರಿಂದ ಮೊದಲ ಸವಾರಿಯವರೆಗೆ

ಈ ಬೇಸಿಗೆಯಲ್ಲಿ ಬಳ್ಳಾರಿಯ ನಮ್ಮ ಶೆಡ್ಡಿಗೆ ಮೂರು ಫ್ರೇಮ್ ಬಂದವು. ಒಂದು ಗಂಗಾವತಿಯಿಂದ, ಒಂದು ಸಿಂಧನೂರಿನಿಂದ, ಇನ್ನೊಂದು ಇಲ್ಲೇ ಕೌಲ್ ಬಜಾರಿನಿಂದ. ಮೂರನ್ನೂ ಹುಡುಗರು ತಾವೇ ಕಟ್ಟಿದ್ದರು. ಮೂರೂ ಒಂದೇ ಜಾಗದಲ್ಲಿ ಬಿರುಕು ಬಿಟ್ಟಿದ್ದವು. ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿಗೆ, ಪೆಡಲ್ ಕಡೆಯಿಂದ ಓರೆಯಾಗಿ ಏರುವ ಡೌನ್ ಟ್ಯೂಬ್ ಬಂದು ಸೇರುವಲ್ಲಿ, ಕೆಳಗಡೆ, ಬೆಸುಗೆ ಹಿತ್ತಾಳೆಯ ಅಂಚಿಗೆ ಅಂಟಿಕೊಂಡ ಹಾಗೆ ಕೂದಲೆಳೆಯಷ್ಟು ಗೆರೆ. ಮೂವರೂ ಕೇಳಿದ್ದು ಒಂದೇ ಮಾತು: "ಹಿತ್ತಾಳೆ ಕಮ್ಮಿ ಆಯ್ತಾ?"

ಕಮ್ಮಿ ಆಗಿರಲಿಲ್ಲ, ಜಾಸ್ತಿಯೇ ಇತ್ತು. ಸಿಂಧನೂರಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಜಾಯಿಂಟನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದೆ. ಹೊರಗೆ ಹೆಬ್ಬೆರಳಿನ ದಪ್ಪ ಹಿತ್ತಾಳೆ. ಒಳಗೆ ಎರಡು ಪೈಪ್ ಒಂದನ್ನೊಂದು ಮುಟ್ಟಿಯೇ ಇರಲಿಲ್ಲ. ನಡುವೆ 2 ಮಿ.ಮೀ. ಸಂದಿ, ಅದರೊಳಗೆ ಸುಟ್ಟು ಕರಿದಾದ ಫ್ಲಕ್ಸ್, ಅಂದರೆ ಹಿತ್ತಾಳೆ ಹಿಡಿಯಲೆಂದು ಬಳಿಯುವ ಲೇಪ. ಆ ಫ್ರೇಮ್ ಕೆಟ್ಟಿದ್ದು ಬೆಂಕಿಯಲ್ಲಲ್ಲ. ಗ್ಯಾಸ್ ಹಚ್ಚುವ ಮೊದಲೇ, ಅರ ಹಿಡಿದ ಕೈಯಲ್ಲಿ ಕೆಟ್ಟಿತ್ತು.

ಅದಕ್ಕೇ ಇಲ್ಲಿ ಹಂತಗಳನ್ನು ಅವು ಬರುವ ಕ್ರಮದಲ್ಲೇ ಬರೆದಿದ್ದೇನೆ. ಒಂದನ್ನೂ ಹಾರಿಸಬೇಡಿ. ವಿಧಾನವೂ ಒಂದೇ ಇಟ್ಟುಕೊಂಡಿದ್ದೇನೆ: ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪೈಪ್, ಲಗ್ (ಪೈಪಿನ ತುದಿ ತೂರಿಸುವ ಉಕ್ಕಿನ ತೋಳು) ಇಲ್ಲದ ಹಿತ್ತಾಳೆ ಬೆಸುಗೆ, ಅಂಗಡಿಯಿಂದ ತಂದ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ). ಮೊದಲ ಸಲಕ್ಕೆ ಫೋರ್ಕ್ ಮಾತ್ರ ನೀವು ಕಟ್ಟಲೇಬೇಡಿ. ಫ್ರೇಮ್ ಬಿರುಕು ಬಿಟ್ಟರೆ ಬಹಳ ಸಲ ಸದ್ದು ಮಾಡಿ ಎಚ್ಚರಿಸುತ್ತದೆ. ಫೋರ್ಕ್ ಮುರಿದರೆ ಸವಾರ ನೇರ ಮುಖದ ಮೇಲೆ ಬೀಳುತ್ತಾನೆ.

## ಹಂತ 1: ಪೈಪ್

4130 ಕ್ರೋಮೊಲಿ ತರಿಸಿಕೊಳ್ಳಿ. ಉದ್ದಕ್ಕೂ ಒಂದೇ ದಪ್ಪದ್ದು, 0.9 ಮಿ.ಮೀ. ಗೋಡೆಯದ್ದು ಸಾಕು. ಮೇಲಿನ ಅಡ್ಡ ಪೈಪಾದ ಟಾಪ್ ಟ್ಯೂಬ್ ಮತ್ತು ಸೀಟಿನ ಕೆಳಗಿನ ಸೀಟ್ ಟ್ಯೂಬಿಗೆ 28.6 ಮಿ.ಮೀ., ಡೌನ್ ಟ್ಯೂಬಿಗೆ 31.8 ಮಿ.ಮೀ. ಪೆಡಲಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್ ಸ್ಟೇ 22.2 ಮಿ.ಮೀ.ಯಿಂದ ಹಿಂದಕ್ಕೆ ಸಣ್ಣಗಾಗುವಂಥದ್ದು, ಸೀಟಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಸೀಟ್ ಸ್ಟೇ 16 ಮಿ.ಮೀ. ಬಿ.ಬಿ. ಶೆಲ್ (ಬಾಟಮ್ ಬ್ರಾಕೆಟ್, ಪೆಡಲಿನ ಆಕ್ಸಲ್ ಕೂರುವ ಗಿಡ್ಡ ಪೈಪ್) 68 ಮಿ.ಮೀ. ಅಗಲದ್ದು, ಥ್ರೆಡ್ ಇರುವಂಥದ್ದು.

ತೋರಣಗಲ್ಲಿನಲ್ಲಿ ಇಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದ್ದರೂ ನಮಗೆ ಬೇಕಾದ ತೆಳು ಪೈಪ್ ಈ ಕಡೆಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸಬೇಕು, ಕಾಯಬೇಕು. ಕಾಯಲಾರದೆ ಜನ ಫರ್ನಿಚರ್ ಪೈಪಿಗೆ ಕೈ ಹಾಕುತ್ತಾರೆ. ಅಭ್ಯಾಸಕ್ಕೆ ಅದು ಚೆನ್ನಾಗಿದೆ, ಓಡಿಸುವ ಫ್ರೇಮಿಗೆ ಬೇಡ. ಜಿ.ಐ. ಪೈಪ್ ಅಂತೂ ಅಭ್ಯಾಸಕ್ಕೂ ಬೇಡ. ಅದರ ಮೇಲಿನ ಸತು ಸುಟ್ಟರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿ ಜ್ವರ ಬರುತ್ತದೆ.

ತುದಿ ದಪ್ಪ, ನಡು ತೆಳು ಇರುವ ಬಟೆಡ್ ಪೈಪ್ ಸಿಕ್ಕಿದರೆ ಒಂದು ಎಚ್ಚರಿಕೆ. 0.8–0.5–0.8 ಅಂತ ಬರೆದಿದ್ದರೆ ನಡುವಿನ ಗೋಡೆ ಅರ್ಧ ಮಿ.ಮೀ. ಮಾತ್ರ. ಒಂದೇ ತುದಿಯಿಂದ ಜಾಸ್ತಿ ಕೊಯ್ದರೆ ಆ ತೆಳು ಭಾಗ ಜಾಯಿಂಟಿಗೆ ಬಂದು ಕೂರುತ್ತದೆ. ದಪ್ಪ ಎಲ್ಲಿಯವರೆಗಿದೆ ಎಂದು ಕೊಯ್ಯುವ ಮೊದಲೇ ಮಾರ್ಕರ್‌ನಲ್ಲಿ ಗುರುತು ಹಾಕಿ.

## ಹಂತ 2: ಸಾಮಾನು

ಆಕ್ಸಿಜನ್ ಸಿಲಿಂಡರ್, ಜೊತೆಗೆ ಅಸಿಟಿಲಿನ್ ಅಥವಾ ವಾಣಿಜ್ಯ ಬಳಕೆಯ ಎಲ್.ಪಿ.ಜಿ. ಸಣ್ಣ ಟಾರ್ಚ್, ಎರಡೂ ಸಾಲಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಹಿಂದಕ್ಕೆ ಸಿಲಿಂಡರಿಗೆ ಓಡದಂತೆ ತಡೆಯುವ ಭಾಗ). ಅರೆಸ್ಟರ್ ಇಲ್ಲದೆ ಕೆಲಸ ಶುರು ಮಾಡಲೇಬೇಡಿ. ಅಸಿಟಿಲಿನ್ ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿ, ಚೈನ್ ಹಾಕಿ ಕಟ್ಟಿ. ಅದರ ರೆಗ್ಯುಲೇಟರಿನಿಂದ ಟಾರ್ಚಿಗೆ ಹೋಗುವ ಒತ್ತಡ 15 ಪಿ.ಎಸ್.ಐ. ದಾಟಬಾರದು. ಆಕ್ಸಿಜನ್ ವಾಲ್ವಿಗೆ ಎಣ್ಣೆ ಕೈ, ಗ್ರೀಸ್ ಬಟ್ಟೆ ಮುಟ್ಟಿಸಬೇಡಿ. ಎಲ್.ಪಿ.ಜಿ. ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಹಾಗಾಗಿ ಶಟರ್ ಕೆಳಗಿನವರೆಗೂ ತೆರೆದಿರಲಿ.

ಕೊಯ್ಯಲು ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್. ದಪ್ಪ ಹಲ್ಲಿನದು ತೆಳು ಪೈಪನ್ನು ಹರಿಯುತ್ತದೆ. ಅರ ಎರಡು: 10 ಇಂಚಿನ ಅರ್ಧಗೋಲದ್ದು ಒಂದು, ನುಣುಪಾದದ್ದು ಒಂದು. ಇದರಲ್ಲಿ ದುಡ್ಡು ಉಳಿಸಬೇಡಿ. ವರ್ನಿಯರ್, ಒಂದು ಮೀಟರಿನ ಸ್ಟೀಲ್ ಪಟ್ಟಿ, ಮೂಲೆಮಟ್ಟ, ಡಿಜಿಟಲ್ ಕೋನ ಮಾಪಕ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು). ಟಾರ್ಚ್ ಬೆಸುಗೆಗೆ 3 ಅಥವಾ 4ನೇ ನಂಬರಿನ ಕನ್ನಡಕ.

ಪೈಪನ್ನು ಬರೀ ವೈಸಿನಲ್ಲಿ ಕಚ್ಚಿಸಿದರೆ ಚಪ್ಪಟೆಯಾಗುತ್ತದೆ. ಎರಡು ಮರದ ತುಂಡು ಜೋಡಿಸಿ ಹಿಡಿದು, ಸೇರುವ ಗೆರೆಯ ಮೇಲೇ ಪೈಪಿನ ಅಳತೆಯ ತೂತು ಕೊರೆಯಿರಿ. ಆ ಎರಡು ಹೋಳುಗಳ ನಡುವೆ ಪೈಪ್ ಇಟ್ಟು ಕಚ್ಚಿಸಿ. ಪ್ರತಿ ಅಳತೆಗೂ ಒಂದು ಜೊತೆ ಬೇಕು.

ಇನ್ನು ಸಮತಟ್ಟಾದ ಮೇಜು. ಫ್ರೇಮ್ ಹಿಡಿದಿಡುವ ಲಕ್ಷಗಟ್ಟಲೆಯ ಜಿಗ್ ಬೇಡ. ಕುಷ್ಟಗಿ, ಇಳಕಲ್ ಕಡೆ ಗ್ರಾನೈಟ್ ಪಾಲಿಷ್ ಮಾಡುವಲ್ಲಿ ಮೂಲೆ ಒಡೆದ ಕಲ್ಲು ಕಮ್ಮಿಗೆ ಸಿಗುತ್ತದೆ. ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಇದ್ದರೆ ಸಾಕು. ಪಾಲಿಷ್ ಹೊಳೆಯುತ್ತಿದೆ ಅಂತ ನಂಬಿ ತರಬೇಡಿ. ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ, ಕೆಳಗೆ ಫೀಲರ್ ಗೇಜ್ ತೂರಿಸಿ. 0.3 ಮಿ.ಮೀ. ಎಲೆ ಎಲ್ಲಾದರೂ ಒಳಗೆ ಹೋದರೆ ಬೇರೆ ಕಲ್ಲು ನೋಡಿ. ತಂದ ಮೇಲೆ ನಾಲ್ಕು ಕಾಲಿನ ಮೇಲಲ್ಲ, ಮೂರು ಬಿಂದುಗಳ ಮೇಲೆ ಕೂರಿಸಿ. ಆಗ ಕಲ್ಲು ತಿರುಚಿಕೊಳ್ಳುವುದಿಲ್ಲ.

## ಹಂತ 3: ನಿಜ ಅಳತೆಯ ನಕ್ಷೆ

ಪ್ಲೈವುಡ್ ಹಾಳೆಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ನಿಜವಾದ ಅಳತೆಯಲ್ಲೇ ಬರೆಯಿರಿ. ಕಂಪ್ಯೂಟರಿನಲ್ಲಿ ಬರೆದವರೂ ಒಮ್ಮೆ ಹಲಗೆಯ ಮೇಲೆ ಬರೆಯಲಿ. ಪೈಪನ್ನು ನೇರ ಗೆರೆಯ ಮೇಲಿಟ್ಟು ನೋಡಬಹುದಲ್ವಾ, ಆ ಅನುಕೂಲ ಬೇರೆಲ್ಲೂ ಇಲ್ಲ.

ಮೊದಲು ಎರಡು ಚಕ್ರದ ಆಕ್ಸಲ್ ಹಾಯುವ ಅಡ್ಡ ಗೆರೆ. ಅದರಿಂದ 70 ಮಿ.ಮೀ. ಕೆಳಗೆ ಬಿ.ಬಿ. ಕೇಂದ್ರ. ಅಲ್ಲಿಂದ ಕೈವಾರದಲ್ಲಿ 440 ಮಿ.ಮೀ. ಅಳೆದು ಆಕ್ಸಲ್ ಗೆರೆಯನ್ನು ಕತ್ತರಿಸಿ, ಅದೇ ಹಿಂದಿನ ಆಕ್ಸಲ್ ಕೂರುವ ಡ್ರಾಪ್‌ಔಟ್. ಆಕ್ಸಲ್ ಗೆರೆಗೆ ಸೀಟ್ ಟ್ಯೂಬ್ 73 ಡಿಗ್ರಿ, ಹೆಡ್ ಟ್ಯೂಬ್ 72 ಡಿಗ್ರಿ. 622 ಮಿ.ಮೀ. ರಿಮ್ಮಿಗೆ 32 ಮಿ.ಮೀ. ಟೈರ್ ಹಾಕುವವರಿಗೆ ಈ ಲೆಕ್ಕ ಸರಿಹೋಗುತ್ತದೆ. ನಮ್ಮ ಕಡೆಯ ರಸ್ತೆಗೆ ಇನ್ನೂ ದಪ್ಪ ಟೈರ್ ಬೇಕು ಅನ್ನುವವರು ಚೈನ್ ಸ್ಟೇಯನ್ನು 450ಕ್ಕೆ ಒಯ್ಯಿರಿ.

ಎಲ್ಲರೂ ಎಡವುವುದು ಮುಂದುಗಡೆ. ಫೋರ್ಕಿನ ಉದ್ದ ಅಳೆದು ಹೆಡ್ ಟ್ಯೂಬಿನ ತಳ ಗುರುತು ಮಾಡುತ್ತಾರೆ, ನಡುವೆ ಕೂರುವ, ಬೇರಿಂಗ್ ಹಿಡಿಯುವ ಹೆಡ್‌ಸೆಟ್ ಕಪ್ಪನ್ನು ಮರೆಯುತ್ತಾರೆ. ಅದು ಸುಮಾರು 10 ಮಿ.ಮೀ. ಇರುತ್ತದೆ. ಆಕ್ಸಲ್‌ನಿಂದ ಆಕ್ಸಲ್‌ಗೆ ಒಂದು ಮೀಟರ್ ಇರುವ ಸೈಕಲ್ಲಿನಲ್ಲಿ ಮುಂದುಗಡೆ 10 ಮಿ.ಮೀ. ಎದ್ದರೆ ಎಲ್ಲ ಕೋನವೂ ಅರ್ಧ ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ವಾಲುತ್ತದೆ. ಫೋರ್ಕ್ ಮತ್ತು ಹೆಡ್‌ಸೆಟ್ ಕೈಯಲ್ಲಿ ಇಟ್ಟುಕೊಂಡೇ ನಕ್ಷೆ ಶುರು ಮಾಡಿ.

## ಹಂತ 4: ಮೈಟರ್

ಒಂದು ಪೈಪಿನ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಇನ್ನೊಂದು ಪೈಪಿನ ಬೆನ್ನಿಗೆ ಕೂರಿಸುವುದೇ ಮೈಟರ್. ಫ್ರೇಮ್ ಕಟ್ಟುವ ಕೆಲಸದ ಅರ್ಧ ಆಯಸ್ಸು ಇದರಲ್ಲೇ ಕಳೆಯುತ್ತದೆ, ಕಳೆಯಬೇಕು.

ಮೊದಲು ಪೈಪನ್ನು ಕೋನಪಟ್ಟಿಯ ಮೂಲೆಯಲ್ಲಿ ಮಲಗಿಸಿ, ಪಟ್ಟಿಯ ಅಂಚನ್ನು ಆಧಾರ ಮಾಡಿಕೊಂಡು ತುದಿಯಿಂದ ತುದಿಗೆ ಒಂದೇ ನೇರ ಗೆರೆ ಎಳೆಯಿರಿ. ಎರಡೂ ತುದಿಯ ಮೈಟರ್ ಇದೇ ಗೆರೆಯಿಂದ ಅಳೆಯಬೇಕು. ಗೆರೆ ಇಲ್ಲದೆ ಕಣ್ಣಂದಾಜಿನಲ್ಲಿ ಕೊರೆದರೆ ಒಂದು ಬಾಯಿ ಇನ್ನೊಂದಕ್ಕೆ ತಿರುಚಿ ನಿಲ್ಲುತ್ತದೆ. ಆಮೇಲೆ ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಒಂದು ಕಡೆ ವಾಲುತ್ತವೆ. ಬೆಸೆದ ಮೇಲೆ ಅದಕ್ಕೆ ಮದ್ದಿಲ್ಲ.

ಕೋನ ಮತ್ತು ವ್ಯಾಸ ಹಾಕಿ ತೆಗೆದ ಕಾಗದದ ಅಚ್ಚನ್ನು ಪೈಪಿಗೆ ಸುತ್ತಿ, ಅದರ ಅಂಚಿನಲ್ಲಿ ಗೀರಿ. 2 ಮಿ.ಮೀ. ಹೆಚ್ಚು ಬಿಟ್ಟು ಹ್ಯಾಕ್ಸಾದಲ್ಲಿ ಕೊಯ್ಯಿರಿ. ಉಳಿದದ್ದು ಅರದ ಕೆಲಸ.

ಅರ ಹಿಡಿದಾಗ ಅವಸರ ಬೇಡ. ನಾಲ್ಕು ಸಲ ತಳ್ಳಿ, ಕೂರಿಸಿ ನೋಡಿ. ಮತ್ತೆ ನಾಲ್ಕು ಸಲ. ಕೂರುವ ಪೈಪಿಗೆ ನೀಲಿ ಮಾರ್ಕರ್ ಬಳಿದು ಮೈಟರನ್ನು ಒತ್ತಿ ತಿರುಗಿಸಿದರೆ, ಮುಟ್ಟುವ ಜಾಗದಲ್ಲಿ ಮಾತ್ರ ನೀಲಿ ಹತ್ತುತ್ತದೆ. ನೀಲಿ ಹತ್ತಿದ ಕಡೆ ಉಜ್ಜಿ. ಸುತ್ತಲೂ ನೀಲಿ ಹತ್ತುವವರೆಗೆ ಬಿಡಬೇಡಿ. ಕೊನೆಗೆ ಜೋಡಿಯನ್ನು ಬಾಗಿಲ ಬಳಿ ಬಿಸಿಲಿಗೆ ಎತ್ತಿ ಹಿಡಿಯಿರಿ. ಪೈಪಿನೊಳಗೆ ಕಣ್ಣಿಟ್ಟು ನೋಡಿದಾಗ ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಇನ್ನೂ ಆಗಿಲ್ಲ ಎಂದರ್ಥ. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿಗಿಂತ ಒಳ್ಳೆ ಪರೀಕ್ಷಕ ನಮಗೆ ಬೇಕಿಲ್ಲ.

ಕೊರೆಯುವ ಕ್ರಮ: ಸೀಟ್ ಟ್ಯೂಬಿನ ತಳ, ಡೌನ್ ಟ್ಯೂಬಿನ ಮುಂದಿನ ತುದಿ, ಅದರ ಬಿ.ಬಿ. ತುದಿ, ಟಾಪ್ ಟ್ಯೂಬಿನ ಮುಂದಿನ ತುದಿ, ಕೊನೆಗೆ ಅದರ ಹಿಂದಿನ ತುದಿ. ಮೊದಲಿನ ಎಲ್ಲ ಸಣ್ಣ ತಪ್ಪುಗಳನ್ನು ಹೊಂದಿಸಿಕೊಳ್ಳುವುದು ಆ ಕೊನೆಯ ಬಾಯಿ. ಬಿ.ಬಿ. ಶೆಲ್ಲಿನಲ್ಲಿ ಡೌನ್ ಟ್ಯೂಬ್, ಸೀಟ್ ಟ್ಯೂಬ್ ಒಂದಕ್ಕೊಂದು ತಾಗುವುದರಿಂದ ಡೌನ್ ಟ್ಯೂಬಿಗೆ ಅಲ್ಲಿ ಎರಡನೇ ಕೊರೆತವೂ ಬೇಕು. ಅದನ್ನು ಮರೆತು ಪೈಪ್ ಒತ್ತಿ ಕೂರಿಸುವವರು ಬಹಳ ಜನ.

## ಹಂತ 5: ಹತ್ತು ಹಾಳು ಜಾಯಿಂಟ್

ಒಳ್ಳೆ ಪೈಪಿಗೆ ಬೆಂಕಿ ತೋರಿಸುವ ಮೊದಲು ಅದೇ ದಪ್ಪದ ತುಂಡುಗಳಲ್ಲಿ ಹತ್ತು ಜಾಯಿಂಟ್ ಬೆಸೆಯಿರಿ. ಪ್ರತಿಯೊಂದನ್ನೂ ಸೀಳಿ ನೋಡಿ. ಒಳಗಿನ ಅಂಚಿನಲ್ಲಿ ಸುತ್ತಲೂ ಹಿತ್ತಾಳೆಯ ತೆಳು ಹೊಳಪಿನ ಗೆರೆ ಇಣುಕಬೇಕು. ನನ್ನ ಮೊದಲ ಆರು ಜಾಯಿಂಟುಗಳಲ್ಲಿ ಅದು ಇರಲಿಲ್ಲ. ಹೊರಗಿನಿಂದ ಆರೂ ಚೆಂದ ಕಾಣುತ್ತಿದ್ದವು.

ಗುಜರಿಯಿಂದ ಹಳೆ ಸೈಕಲ್ಲಿನ ಫ್ರೇಮ್ ತಂದು ಅದರ ಲಗ್ಗುಗಳನ್ನೂ ಸೀಳಿ. ಹಿತ್ತಾಳೆ ಎಷ್ಟು ಆಳಕ್ಕೆ ಹರಿದಿದೆ ಎಂದು ಕಣ್ಣಾರೆ ನೋಡಿದರೆ ಕೈಗೆ ಬೇಗ ತಿಳಿಯುತ್ತದೆ.

## ಹಂತ 6: ತೂತು, ಚೊಕ್ಕ, ಫ್ಲಕ್ಸ್

ಪೈಪ್ ಸೇರುವ ಕಡೆಯೆಲ್ಲ ಹೆಡ್ ಟ್ಯೂಬ್, ಸೀಟ್ ಟ್ಯೂಬ್, ಬಿ.ಬಿ. ಶೆಲ್ಲಿನ ಗೋಡೆಗೆ 4 ಮಿ.ಮೀ. ಗಾಳಿತೂತು ಕೊರೆಯಿರಿ. ಎರಡೂ ಕಡೆ ಮುಚ್ಚಿದ ಪೈಪ್ ಕಾದರೆ ಒಳಗಿನ ಗಾಳಿ ಹಿಗ್ಗಿ, ಕರಗಿದ ಹಿತ್ತಾಳೆಯನ್ನು ಹೊರಕ್ಕೆ ಊದುತ್ತದೆ. ಜಾಯಿಂಟಿನಲ್ಲಿ ಮತ್ತೆ ಮತ್ತೆ ಒಂದೇ ಕಡೆ ಗುಳ್ಳೆ ಏಳುತ್ತಿದ್ದರೆ ಕಾರಣ ಇದೇ. ನೀರಿನ ಬಾಟಲಿಯ ತೂತುಗಳನ್ನೂ ಈಗಲೇ ಕೊರೆದುಬಿಡಿ.

ಜಾಯಿಂಟಿನಿಂದ 25 ಮಿ.ಮೀ. ದೂರದವರೆಗೆ, ಒಳಗೂ ಹೊರಗೂ, ಎಮರಿಯಿಂದ ಉಜ್ಜಿ ಬಿಳಿ ಲೋಹ ಕಾಣಿಸಿ. ಆಮೇಲೆ ಅಸಿಟೋನ್ ಹಾಕಿ ಒರೆಸಿ. ಇಲ್ಲಿಂದ ಮುಂದೆ ಬರಿಗೈ ತಾಗಬಾರದು. ಏಪ್ರಿಲ್ ತಿಂಗಳಲ್ಲಿ ಹಣೆಯಿಂದ ಒಂದು ಹನಿ ಬೆವರು ಬಿದ್ದರೂ ಆ ಜಾಗದಲ್ಲಿ ಹಿತ್ತಾಳೆ ಹಿಡಿಯುವುದಿಲ್ಲ. ಹನಿ ಬಿದ್ದ ಜಾಗವನ್ನು ಬಿಟ್ಟು ಹಿತ್ತಾಳೆ ಸುತ್ತಲೂ ಹರಿದು ನಿಲ್ಲುತ್ತದೆ. ತಲೆಗೆ ಟವೆಲ್ ಕಟ್ಟಿಕೊಳ್ಳಿ. ನಮ್ಮ ಕಡೆಯ ಕೆಂಪು ಅದಿರಿನ ಧೂಳೂ ಹಾಗೇ. ಉಜ್ಜಿದ ಪೈಪನ್ನು ರಾತ್ರಿಯಿಡೀ ತೆರೆದಿಡಬೇಡಿ, ಬೆಸೆಯುವ ದಿನವೇ ಉಜ್ಜಿ.

ಹಿತ್ತಾಳೆಗೆ ಬಿಳಿಗಾರ ಆಧಾರದ ಫ್ಲಕ್ಸ್. ನೀರಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಒಳಗೂ ಹೊರಗೂ ಬಳಿಯಿರಿ. ಒಳಗೆ ಬಳಿಯದಿದ್ದರೆ ಒಳಗೆ ಹಿತ್ತಾಳೆ ಬರುವುದಿಲ್ಲ.

## ಹಂತ 7: ಬೆಂಕಿ

ಬಿಸಿಲಲ್ಲಿ ಬೆಸೆಯಬೇಡಿ. ಹಿತ್ತಾಳೆ ಕಡ್ಡಿ 870ರಿಂದ 900 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಪೈಪ್ ಆ ಬಿಸಿಗೆ ಬಂದಿದೆಯೇ ಎಂದು ಹೇಳುವುದು ಅದರ ಕೆಂಪು ಬಣ್ಣ ಮಾತ್ರ. ಬಿಸಿಲಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಕಾಣಲಿಲ್ಲ ಅಂತ ಇನ್ನೂ ಕಾಯಿಸುತ್ತೀರಿ, ಉಕ್ಕು ಸುಡುತ್ತದೆ. ಅರೆಗತ್ತಲಿನ ಮೂಲೆ ನೋಡಿಕೊಳ್ಳಿ. ಆಷಾಢದ ಗಾಳಿ ಎದ್ದ ದಿನ ಜ್ವಾಲೆ ಒಂದೇ ಕಡೆ ನಿಲ್ಲುವುದಿಲ್ಲ, ಅಂದು ಅರದ ಕೆಲಸ ಮಾಡಿಕೊಳ್ಳಿ.

ಜ್ವಾಲೆ ಮೆತ್ತಗಿರಲಿ, ಬುಸುಗುಟ್ಟಬಾರದು. ಆಕ್ಸಿಜನ್ ಜಾಸ್ತಿಯಾದರೆ ಪೈಪಿನ ಮೇಲೆ ಬೂದು ಪದರ ಕೂರುತ್ತದೆ. ಮೊದಲು ಸುತ್ತಲೂ ಬೆಚ್ಚಗೆ ಮಾಡಿ. ಫ್ಲಕ್ಸ್ ಬಿಳಿಯಾಗಿ ಉಬ್ಬುತ್ತದೆ, ಗುಳ್ಳೆ ಇಳಿಯುತ್ತದೆ, ಕೊನೆಗೆ ಗಾಜಿನ ಹಾಗೆ ತಿಳಿಯಾಗಿ ಹರಿಯುತ್ತದೆ. ತಿಳಿಯಾದ ಮೇಲೆ ಪೈಪ್ ಕೆಂಪಗಾಗುವವರೆಗೆ ಕಾದು ಕಡ್ಡಿ ಮುಟ್ಟಿಸಿ. ಕಡ್ಡಿಯನ್ನು ಕರಗಿಸಬೇಕಾದ್ದು ಪೈಪಿನ ಬಿಸಿ, ಜ್ವಾಲೆಯಲ್ಲ. ಜ್ವಾಲೆಯಲ್ಲಿ ಕರಗಿದ ಹಿತ್ತಾಳೆ ತಣ್ಣನೆಯ ಪೈಪಿನ ಮೇಲೆ ಮೇಣದ ಹನಿಯ ಹಾಗೆ ಸುಮ್ನೆ ಕೂತಿರುತ್ತದೆ, ಹಿಡಿದಿರುವುದಿಲ್ಲ.

ಹಿತ್ತಾಳೆ ಬಿಸಿ ಇರುವ ಕಡೆಗೆ ಓಡುತ್ತದೆ. ಬಿ.ಬಿ. ಶೆಲ್, ಹೆಡ್ ಟ್ಯೂಬ್ ದಪ್ಪ, ಅವು ನಿಧಾನವಾಗಿ ಕಾಯುತ್ತವೆ. ಜ್ವಾಲೆಯನ್ನು ಜಾಸ್ತಿ ಹೊತ್ತು ಅವುಗಳ ಕಡೆಗೇ ತಿರುಗಿಸಿ, ತೆಳು ಪೈಪಿಗೆ ಆಗಾಗ ಮಾತ್ರ.

ಎರಡು ಸುತ್ತು ಮಾಡಿ. ಮೊದಲ ಸುತ್ತು ಸಂದಿಯೊಳಕ್ಕೆ ಹೀರಿಕೊಳ್ಳಲು, ತೆಳ್ಳಗೆ. ಎರಡನೇ ಸುತ್ತು ಹೊರಗೆ ದುಂಡನೆಯ ತಿರುವು ಕಟ್ಟಲು. ಮೊದಲ ಸುತ್ತಿಲ್ಲದೆ ಎರಡನೆಯದಕ್ಕೆ ಹೋಗಿದ್ದೇ ಆ ಮೂರು ಫ್ರೇಮುಗಳ ಇನ್ನೊಂದು ತಪ್ಪು.

ಈ ಲಕ್ಷಣ ಕಂಡರೆ ಕೂಡಲೇ ಜ್ವಾಲೆ ಎತ್ತಿ:

- ಹಿತ್ತಾಳೆಯಿಂದ ಬಿಳಿ ಹೊಗೆ. ಅದರೊಳಗಿನ ಸತು ಕುದಿಯುತ್ತಿದೆ.
- ಹಿತ್ತಾಳೆಯ ಅಂಚು ತಾಮ್ರದ ಹಾಗೆ ಕೆಂಪಗಾಗುವುದು. ಸತು ಆಗಲೇ ಹೋಗಿದೆ.
- ಫ್ಲಕ್ಸ್ ಕರಿದಾಗುವುದು. ಇನ್ನು ಅದು ಕೆಲಸ ಮಾಡುವುದಿಲ್ಲ. ತಣ್ಣಗಾಗಲಿ, ತೊಳೆದು ಮತ್ತೆ ಬಳಿಯಿರಿ.

ಮುಗಿದ ಮೇಲೆ ನೀರು ಎರಚಬೇಡಿ, ಒದ್ದೆ ಬಟ್ಟೆ ಸುತ್ತಬೇಡಿ. ಕೂಲರ್, ಫ್ಯಾನ್ ಆ ಕಡೆ ತಿರುಗಿದ್ದರೆ ಆರಿಸಿ. ಕ್ರೋಮೊಲಿ ಥಟ್ಟನೆ ತಣ್ಣಗಾದರೆ ಪೆಡಸಾಗುತ್ತದೆ. ಸೆಖೆಗೆ ಮೈ ಸುಡುತ್ತಿದ್ದರೂ ಹತ್ತು ನಿಮಿಷ ತಡೆದುಕೊಳ್ಳಿ.

## ಹಂತ 8: ಮುಂದಿನ ತ್ರಿಕೋನ

ಸೀಟ್ ಟ್ಯೂಬನ್ನು ಬಿ.ಬಿ. ಶೆಲ್ಲಿಗೆ ಮೊದಲು ಬೆಸೆಯಿರಿ. ಶೆಲ್ಲಿನ ಮುಖವನ್ನು ಕಲ್ಲಿನ ಮೇಲೆ ಕೂರಿಸಿ, ಸೀಟ್ ಟ್ಯೂಬ್ ಕಲ್ಲಿನಿಂದ ಬುಡದಲ್ಲೂ ತುದಿಯಲ್ಲೂ ಒಂದೇ ಎತ್ತರದಲ್ಲಿದೆಯೇ ಅಳೆಯಿರಿ. ಶೆಲ್ಲಿನ ಬಲಗಡೆ ಯಾವುದು ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಚೈನ್ ಬರುವ ಬಲಗಡೆಯ ಥ್ರೆಡ್ ಎಡಕ್ಕೆ ತಿರುಗುವಂಥದ್ದು. ತಿರುಗಾಮುರುಗಾ ಬೆಸೆದರೆ ಆ ಶೆಲ್ ಕೊಯ್ದು ಹಾಕಬೇಕಾಗುತ್ತದೆ.

ಆಮೇಲೆ ಎಲ್ಲ ಪೈಪನ್ನೂ ಕಲ್ಲಿನ ಮೇಲೆ ವಿ-ಬ್ಲಾಕಿನಲ್ಲಿ (ವಿ ಆಕಾರದ ತಗ್ಗಿರುವ ತುಂಡು) ಜೋಡಿಸಿ, ಪ್ರತಿ ಜಾಯಿಂಟಿಗೂ ಎದುರು ಬದುರು ನಾಲ್ಕು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ. ಟ್ಯಾಕ್ ಹಾಕಿದ ಮೇಲೆ ನಿಂತು ಅಳೆಯಿರಿ. ಹೆಡ್ ಟ್ಯೂಬಿನೊಳಗೆ ಒಂದು, ಸೀಟ್ ಟ್ಯೂಬಿನೊಳಗೆ ಒಂದು ಉದ್ದನೆ ನೇರ ಸರಳು ತೂರಿಸಿ, ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡು ಸರಳೂ ಒಂದರ ಹಿಂದೆ ಒಂದು ಮುಚ್ಚಿಕೊಳ್ಳಬೇಕು. ವಾರೆ ಕಂಡರೆ ಈಗಲೇ ಟ್ಯಾಕ್ ಕೊಯ್ದು ಸರಿಮಾಡಿ.

ಪೂರ್ತಿ ಬೆಸೆಯುವುದು ಹೆಡ್ ಟ್ಯೂಬ್–ಡೌನ್ ಟ್ಯೂಬ್, ಹೆಡ್ ಟ್ಯೂಬ್–ಟಾಪ್ ಟ್ಯೂಬ್, ಬಿ.ಬಿ.–ಡೌನ್ ಟ್ಯೂಬ್, ಸೀಟ್ ಟ್ಯೂಬ್–ಟಾಪ್ ಟ್ಯೂಬ್ ಈ ಕ್ರಮದಲ್ಲಿ. ಪ್ರತಿ ಜಾಯಿಂಟಿನ ನಂತರ ಮತ್ತೆ ಅಳೆಯಿರಿ. ಬೆಂಕಿ ಕೊಟ್ಟ ಕಡೆಗೆ ಪೈಪ್ ಎಳೆದುಕೊಳ್ಳುತ್ತದೆ, ಹಾಗಾಗಿ ಮುಂದಿನ ಜಾಯಿಂಟನ್ನು ಎದುರು ಕಡೆಯಿಂದ ಶುರು ಮಾಡಿ. ಹೆಡ್ ಟ್ಯೂಬಿನ ಎರಡೂ ತುದಿಯನ್ನು 1 ಮಿ.ಮೀ. ಉದ್ದ ಬಿಟ್ಟಿರಿ. ಬಿಸಿಗೆ ಅದು ಸೊಟ್ಟಗಾಗುತ್ತದೆ, ಆಮೇಲೆ ಕಡೆದು ಸಮ ಮಾಡಬೇಕು.

## ಹಂತ 9: ಹಿಂಭಾಗ

ಡ್ರಾಪ್‌ಔಟನ್ನು ಚೈನ್ ಸ್ಟೇಗೆ ಮೊದಲೇ ಬೆಸೆದಿಡಿ. ಇಲ್ಲಿ ಸಂದಿ ದೊಡ್ಡದು, ಹಿತ್ತಾಳೆ ತುಂಬಿಕೊಳ್ಳುತ್ತದೆ. ಬೆಳ್ಳಿ ಬೆಸುಗೆ ಇಂಥ ಸಂದಿಗೆ ನಿಲ್ಲುವುದಿಲ್ಲ. ನಂತರ 135 ಮಿ.ಮೀ.ಗೆ ಬಿಗಿದ ಡಮ್ಮಿ ಆಕ್ಸಲ್ ಹಾಕಿ, ಎರಡೂ ಸ್ಟೇಗಳನ್ನು ಬಿ.ಬಿ.ಗೆ ಟ್ಯಾಕ್ ಮಾಡಿ. ನೀವು ಓಡಿಸಲಿರುವ ಚಕ್ರವನ್ನೇ, ಟೈರ್ ಸಮೇತ, ಒಮ್ಮೆ ಕೂರಿಸಿ ನೋಡಿ. ಟೈರಿನ ಎರಡೂ ಪಕ್ಕ ಕನಿಷ್ಠ 5 ಮಿ.ಮೀ. ಜಾಗ ಇರಲಿ. ಸೀಟ್ ಸ್ಟೇ ಕೊನೆಗೆ.

ನೇರ ಇದೆಯೇ ಎಂದು ನೋಡಲು ಒಂದು ದಾರ ಸಾಕು. ಎಡ ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬನ್ನು ಸುತ್ತಿಸಿ, ಬಲ ಡ್ರಾಪ್‌ಔಟಿಗೆ ತಂದು ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ಎರಡೂ ಕಡೆಯ ದಾರದ ದೂರ ಅಳೆಯಿರಿ. ಎರಡರ ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಸರಿ. ಸ್ವಲ್ಪ ಜಾಸ್ತಿ ಇದ್ದರೆ ತಣ್ಣಗಿರುವಾಗಲೇ ಸ್ಟೇ ಹಿಡಿದು ಬಗ್ಗಿಸಬಹುದು. 4–5 ಮಿ.ಮೀ. ಇದ್ದರೆ ಬಗ್ಗಿಸಬೇಡಿ, ಬಿಚ್ಚಿ ಬೆಸೆಯಿರಿ.

ಚಕ್ರ ಹಾಕಿದಾಗ ಒಂದು ಕಡೆ ವಾಲಿದರೆ ಫ್ರೇಮನ್ನೇ ಬೈಯಬೇಡಿ. ಚಕ್ರವನ್ನು ಎಡಬಲ ತಿರುಗಿಸಿ ಹಾಕಿ. ವಾಲುವಿಕೆ ಅದೇ ಕಡೆ ಉಳಿದರೆ ತಪ್ಪು ಫ್ರೇಮಿನದು. ಕಡೆ ಬದಲಾದರೆ ಚಕ್ರದ್ದು.

## ಹಂತ 10: ತೊಳೆಯುವುದು, ಉಜ್ಜುವುದು, ಓಡಿಸುವುದು

ಗಟ್ಟಿಯಾದ ಫ್ಲಕ್ಸನ್ನು ಸುತ್ತಿಗೆಯಿಂದ ಕುಟ್ಟಬೇಡಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ. ಪೈಪಿನ ಒಳಗಿನದೂ ಕರಗಿ ಹೋಗಬೇಕು, ಉಳಿದರೆ ಒಳಗಿಂದ ತುಕ್ಕು ಹಿಡಿಯುತ್ತದೆ.

ಹಿತ್ತಾಳೆಯ ತಿರುವನ್ನು ಅರದಲ್ಲಿ ನುಣುಪು ಮಾಡುವಾಗ ಬಹಳ ಎಚ್ಚರ. ಅಂಚಿನಲ್ಲಿ ಅರ ಜಾರಿ ಪೈಪಿಗೆ ತಾಗಿದರೆ ಗೀರು ಬೀಳುತ್ತದೆ. 0.9 ಮಿ.ಮೀ. ಗೋಡೆಯಲ್ಲಿ ಅಂಥ ಒಂದು ಗೀರು ಸಾಕು, ಬಿರುಕು ಶುರುವಾಗುವುದು ಅಲ್ಲಿಂದಲೇ. ಕೌಲ್ ಬಜಾರಿನ ಹುಡುಗನ ಫ್ರೇಮಿನಲ್ಲಿ ಆಗಿದ್ದು ಇದು. ಅವನ ತಿರುವು ಮೂವರದ್ದರಲ್ಲೇ ನುಣುಪಾಗಿತ್ತು. ಅಂಚಿನ ಹತ್ತಿರ ಅರ ಬಿಟ್ಟು ಎಮರಿ ಪಟ್ಟಿ ಹಿಡಿಯಿರಿ. ಸ್ವಲ್ಪ ಉಬ್ಬುತಗ್ಗು ಉಳಿದರೆ ಉಳಿಯಲಿ.

ಬಿ.ಬಿ. ಥ್ರೆಡ್‌ಗೆ ಟ್ಯಾಪ್ ಹಾಯಿಸಿ, ಹೆಡ್ ಟ್ಯೂಬ್ ರೀಮ್ ಮಾಡಿ (ಒಳಗನ್ನು ಕಡೆದು ಸರಿ ಅಳತೆಗೆ ತನ್ನಿ). 0.9 ಗೋಡೆಯ ಸೀಟ್ ಟ್ಯೂಬಿನ ಒಳವ್ಯಾಸ 26.8 ಮಿ.ಮೀ. ಸೀಟ್ ಪೋಸ್ಟನ್ನು ಅಳತೆ ನೋಡಿಯೇ ಕೊಳ್ಳಿ. ಈ ಟ್ಯಾಪ್, ರೀಮರ್ ತುಟ್ಟಿ. ಬಾಡಿಗೆಗೆ ಅಥವಾ ಲೇತ್ ಇರುವವರ ಬಳಿ ಮಾಡಿಸಿ.

ಬಣ್ಣಕ್ಕೆ ಅವಸರ ಬೇಡ. ತೆಳು ಬಿಳಿ ಪ್ರೈಮರ್ ಮಾತ್ರ ಹೊಡೆದು ನೂರು ಕಿಲೋಮೀಟರ್ ಓಡಿಸಿ. ಮೊದಲು ಮನೆ ಸುತ್ತ ನಿಧಾನವಾಗಿ, ಆಮೇಲೆ ಗುಂಡಿ ಇರುವ ರಸ್ತೆಯಲ್ಲಿ. ಪ್ರತಿದಿನ ಸಂಜೆ ಬ್ಯಾಟರಿ ಹಿಡಿದು ಹೆಡ್ ಟ್ಯೂಬಿನ ಕೆಳಭಾಗ, ಬಿ.ಬಿ. ಸುತ್ತ, ಡ್ರಾಪ್‌ಔಟಿನ ಬುಡ ನೋಡಿ. ಪ್ರೈಮರ್ ಮೇಲೆ ಕಂದು ಬಣ್ಣದ ಸಣ್ಣ ಗೆರೆ ಕಂಡರೆ ಅದು ಬರೀ ಧೂಳಲ್ಲದೆ, ಬಿರುಕಿನಿಂದ ಇಣುಕುತ್ತಿರುವ ತುಕ್ಕೂ ಇರಬಹುದು. ಬೆರಳಲ್ಲಿ ಒರೆಸಿ. ಮರುದಿನ ಅದೇ ಜಾಗದಲ್ಲಿ ಮತ್ತೆ ಬಂದರೆ ಆ ಸೈಕಲ್ ಹತ್ತಬೇಡಿ. ಬಿರುಕಿನ ಮೇಲೆ ಹಿತ್ತಾಳೆ ಸುರಿಯಲೂ ಬೇಡಿ. ಆ ಪೈಪನ್ನು ಕೊಯ್ದು ತೆಗೆದು, ಹೊಸದೊಂದನ್ನು ವೈಸಿಗೆ ಕಚ್ಚಿಸಿ, ನಾಲ್ಕನೇ ಹಂತದಿಂದ ಮತ್ತೆ ಶುರು ಮಾಡಿ.